ಇವತ್ತು ಎಷ್ಟು ಚಾರ್ಜರ್ ಕೆಲಸ ಮಾಡುತ್ತಿವೆ? ಇಂಧನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಇಂಧನ ಸಚಿವರು, ಕರ್ನಾಟಕ ಸರ್ಕಾರ
ಹಾಗೂ ರಾಜ್ಯದ ಐದೂ ವಿದ್ಯುತ್ ಸರಬರಾಜು ಕಂಪನಿಗಳ ವ್ಯವಸ್ಥಾಪಕ ನಿರ್ದೇಶಕರು, ಇವರಿಗೆ

ವಿಷಯ: ಹೆದ್ದಾರಿ ಬದಿಯ ಸಾರ್ವಜನಿಕ ಚಾರ್ಜಿಂಗ್ ಸ್ಟೇಷನ್‌ಗಳು ಕೆಟ್ಟು ನಿಲ್ಲುವುದು ಮತ್ತು ಅದರ ಸುದ್ದಿ ಜನರಿಗೆ ಸಿಗದಿರುವುದು.

ಮಾನ್ಯರೇ,

ನಾನು ಪುತ್ತೂರಿನವನು, ಕೆಲಸ ಬೆಂಗಳೂರಿನಲ್ಲಿ. ಊರಲ್ಲಿ ಅಪ್ಪ, ಅಮ್ಮ, ಸ್ವಲ್ಪ ಅಡಿಕೆ ತೋಟ. ಹಬ್ಬ, ಮದುವೆ, ಅಪ್ಪನ ಆಸ್ಪತ್ರೆ ಅಂತ ವರ್ಷವಿಡೀ ಶಿರಾಡಿ ಘಾಟಿಯಲ್ಲಿ ಓಡಾಡುತ್ತಿರುತ್ತೇನೆ. ಓಡಿಸುವುದು ಎಲೆಕ್ಟ್ರಿಕ್ ಕಾರು, ಅಂದರೆ ಇವಿ. ಇವಿ ಬೇಡ ಅನ್ನುವವರ ಪತ್ರ ಇದು ಅಂತ ದಯವಿಟ್ಟು ತಿಳಿಯಬೇಡಿ. ದಿನದ ಓಡಾಟಕ್ಕೆ ಇದಕ್ಕಿಂತ ಒಳ್ಳೆಯ ಕಾರು ಇಲ್ಲ ಅಂತ ನಂಬಿದವನು ನಾನು. ರಾತ್ರಿ ಮನೆಯ ಹದಿನೈದು ಆ್ಯಂಪ್ ಪ್ಲಗ್‌ಗೆ ಹಾಕಿ ಮಲಗಿದರೆ ಬೆಳಿಗ್ಗೆ ಹೊರಡಲು ಸಿದ್ಧ. ಖರ್ಚೂ ಕಡಿಮೆ, ಸದ್ದೂ ಇಲ್ಲ. ತೊಂದರೆ ಶುರುವಾಗುವುದು ಊರು ದಾಟಿದ ಮೇಲೆ.

ನಮ್ಮ ರಾಜ್ಯ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ದೇಶದಲ್ಲಿ ಮೊದಲು ಇವಿ ನೀತಿ ತಂದದ್ದೇ ಕರ್ನಾಟಕ, 2017ರಲ್ಲಿ. 2025ರಲ್ಲಿ ಕ್ಲೀನ್ ಮೊಬಿಲಿಟಿ ನೀತಿ ಬಂತು, 50,000 ಕೋಟಿ ರೂಪಾಯಿ ಬಂಡವಾಳದ ಗುರಿ ಇಟ್ಟುಕೊಂಡು. ಚಾರ್ಜಿಂಗ್ ಸ್ಟೇಷನ್‌ಗಳ ಎಣಿಕೆಯಲ್ಲೂ ನಾವೇ ಮುಂದೆ. 2024ರ ಲೆಕ್ಕದಲ್ಲಿ ರಾಜ್ಯದಲ್ಲಿ 5,700ಕ್ಕೂ ಹೆಚ್ಚು ಸಾರ್ವಜನಿಕ ಸ್ಟೇಷನ್‌ಗಳಿದ್ದವು. ಅದರಲ್ಲಿ 4,400ಕ್ಕೂ ಜಾಸ್ತಿ ಬೆಂಗಳೂರು ನಗರ ಜಿಲ್ಲೆಯಲ್ಲೇ. ಉಳಿದ 30 ಜಿಲ್ಲೆಗಳಿಗೆ ಸಿಕ್ಕಿದ್ದು ಸುಮಾರು 1,300. ಈ ಹಂಚಿಕೆ ಸರಿಯಿಲ್ಲ ಅನ್ನುವುದು ಒಂದು ಮಾತು, ಅದಕ್ಕೆ ಆಮೇಲೆ ಬರುತ್ತೇನೆ. ಅದಕ್ಕಿಂತ ಮೊದಲು ಕೇಳಬೇಕಾದ್ದು ಇನ್ನೊಂದಿದೆ. ಮೇಲೆ ಹೇಳಿದ್ದೆಲ್ಲ ಬರೀ ತಂದು ನಿಲ್ಲಿಸಿದ ಚಾರ್ಜರ್‌ಗಳ ಲೆಕ್ಕ. ಇವತ್ತು ಬೆಳಿಗ್ಗೆ ಇವುಗಳಲ್ಲಿ ಎಷ್ಟು ಕರೆಂಟ್ ಕೊಡುತ್ತಿವೆ? ಆ ಲೆಕ್ಕ ನಮ್ಮಂಥವರ ಕಣ್ಣಿಗೆ ಬೀಳುವ ಹಾಗೆ ಎಲ್ಲೂ ಇಲ್ಲ. ನನ್ನ ದೂರು ಇಷ್ಟೇ.

ಇದು ಯಾಕೆ ಅಷ್ಟು ದೊಡ್ಡ ವಿಷಯ ಅಂತ ಪೆಟ್ರೋಲ್ ಕಾರಿನವರಿಗೆ ಅನ್ನಿಸಬಹುದು. ಅದಕ್ಕೆ ನಮ್ಮ ಲೆಕ್ಕಾಚಾರ ಸ್ವಲ್ಪ ಹೇಳುತ್ತೇನೆ. ನನ್ನ ಕಾರಿನ ಬ್ಯಾಟರಿ ಸುಮಾರು 30 ಯೂನಿಟ್‌ನದು. ಪರೀಕ್ಷೆಯ ಪ್ರಮಾಣಪತ್ರದಲ್ಲಿ 300 ಕಿ.ಮೀ.ಗೂ ಮೇಲೆ ರೇಂಜ್ (ಒಮ್ಮೆ ಪೂರ್ತಿ ತುಂಬಿಸಿದರೆ ಓಡುವ ದೂರ) ಅಂತ ಇದೆ. ಎಸಿ ಹಾಕಿ, ನಾಲ್ಕು ಜನ ಕೂತು, ಹೆದ್ದಾರಿಯಲ್ಲಿ 80-90ರ ವೇಗದಲ್ಲಿ ಹೋದರೆ ಸಿಗುವುದು 200. ಅದು ಎಲ್ಲ ಇವಿಯವರಿಗೂ ಗೊತ್ತಿರುವ ಮಾತು, ಅದರ ಬಗ್ಗೆ ಇಲ್ಲಿ ತಕರಾರಿಲ್ಲ. ಈ 200ರಲ್ಲಿ ಕೊನೆಯ ಹದಿನೈದು ಪರ್ಸೆಂಟ್‌ಗೆ ಕೈ ಹಾಕಬಾರದು. ದಾರಿಯಲ್ಲಿ ಫಾಸ್ಟ್ ಚಾರ್ಜರ್‌ಗೆ ಹಾಕಿದರೆ 80 ಪರ್ಸೆಂಟ್‌ವರೆಗೆ ಬೇಗ ಏರುತ್ತದೆ, ಆಮೇಲೆ ತೆವಳುತ್ತದೆ. ಹಿಂದೆ ಯಾರಾದರೂ ಕಾಯುತ್ತಿದ್ದರೆ 80ಕ್ಕೆ ಬಿಟ್ಟುಕೊಡುವುದು ಮರ್ಯಾದೆ ಕೂಡ. ಅಂದರೆ ಒಂದು ಚಾರ್ಜರ್‌ನಿಂದ ಇನ್ನೊಂದಕ್ಕೆ ನಮ್ಮ ಕೈಯಲ್ಲಿರುವುದು ಸುಮಾರು 130 ಕಿ.ಮೀ.

ಮುಂದಿನ ಚಾರ್ಜರ್ ಖಂಡಿತ ನಡೆಯುತ್ತಿದೆ ಅಂತ ಗೊತ್ತಿದ್ದರೆ ಈ 130 ಧಾರಾಳ ಸಾಕು. ಗೊತ್ತಿಲ್ಲದಿದ್ದರೆ? ಆಗ ಇವಿಯವರು ಪಾಲಿಸುವ ಒಂದು ನಿಯಮ ಇದೆ. ಹೋದ ಕಡೆ ಚಾರ್ಜರ್ ಕೆಟ್ಟಿದ್ದರೆ ಅದರ ಮುಂದಿನದಕ್ಕೆ ಮುಟ್ಟುವಷ್ಟು ಚಾರ್ಜ್ ಇಟ್ಟುಕೊಂಡೇ ಹೋಗಬೇಕು. ಆ ಮುಂದಿನದು 40 ಕಿ.ಮೀ. ದೂರದಲ್ಲಿದ್ದರೆ 130ರಲ್ಲಿ 40 ಹೋಯಿತು. ಉಳಿದದ್ದು 90. ಅದೂ ಕೆಟ್ಟಿರಬಹುದು ಅನ್ನುವ ಅನುಮಾನ ಇದ್ದರೆ 50. ಕಾರು ಅದೇ, ಬ್ಯಾಟರಿ ಅದೇ. ಆದರೆ ನಂಬಿಕೆ ಇಲ್ಲದ ಒಂದು ಚಾರ್ಜರ್ ನಮ್ಮ ರೇಂಜಿನ ಮೂರನೇ ಒಂದು ಪಾಲು ತಿಂದಿತು. ಕೆಟ್ಟ ಚಾರ್ಜರ್‌ನಿಂದ ಆಗುವ ನಷ್ಟ ಅದರ ಎದುರು ನಿಂತವನಿಗೆ ಮಾತ್ರ ಅಲ್ಲ. ಆ ದಾರಿಯಲ್ಲಿ ಹೋಗುವ ಎಲ್ಲರೂ ಹೆದರಿ ಇನ್ನೂ ಮೊದಲೇ ನಿಲ್ಲುತ್ತಾರೆ, ಅಗತ್ಯಕ್ಕಿಂತ ಜಾಸ್ತಿ ತುಂಬಿಸುತ್ತಾರೆ. ನಡೆಯುವ ಚಾರ್ಜರ್‌ಗಳ ಮುಂದೆ ಸಾಲು ಬೆಳೆಯುತ್ತದೆ. ದಸರಾ, ದೀಪಾವಳಿ ರಜೆಯಲ್ಲಿ ಹಾಸನದ ಆಸುಪಾಸು ಒಮ್ಮೆ ನೋಡಿ, ಗೊತ್ತಾಗುತ್ತದೆ.

ಘಾಟಿ ದಾರಿಯಲ್ಲಿ ಈ ಲೆಕ್ಕ ಇನ್ನೂ ಬಿಗಿ. ಉಪ್ಪಿನಂಗಡಿಯಿಂದ ಹಾಸನಕ್ಕೆ ಸುಮಾರು 115 ಕಿ.ಮೀ. ನಡುವೆ ಸಕಲೇಶಪುರಕ್ಕೆ ಏರುವಾಗ ಎಂಟುನೂರು ಮೀಟರಿಗೂ ಮೇಲೆ ಹತ್ತಬೇಕು. ಜನ, ಲಗೇಜು, ಊರಿಂದ ತರುವ ತೆಂಗಿನಕಾಯಿ ಎಲ್ಲ ಸೇರಿ ಕಾರಿನ ತೂಕ ಒಂದೂಮುಕ್ಕಾಲು ಟನ್ ಹತ್ತಿರ. ಇಷ್ಟನ್ನು ಅಷ್ಟು ಎತ್ತರಕ್ಕೆ ಎತ್ತುವುದಕ್ಕೇ ನಾಲ್ಕೂವರೆ ಯೂನಿಟ್ ಬೇಕು. ದೂರ ಓಡುವ ಖರ್ಚು ಬೇರೆ. ನಕ್ಷೆಯಲ್ಲಿ 115 ಇದ್ದದ್ದು ಬ್ಯಾಟರಿಗೆ 145ರ ಸಮ. ಬೆಂಗಳೂರಿನಿಂದ ಇಳಿಯುವಾಗ ಒಂದಷ್ಟು ವಾಪಸ್ ತುಂಬುತ್ತದೆ, ಬ್ರೇಕ್ ಹಿಡಿಯುವ ಶಕ್ತಿಯೇ ಕರೆಂಟ್ ಆಗುತ್ತದೆ. ಆದರೆ ಹತ್ತುವಾಗ ಖರ್ಚಾದಷ್ಟು ಇಳಿಯುವಾಗ ಬರುವುದಿಲ್ಲ. ಹಾಗಾಗಿ ಘಾಟಿಯ ಬುಡದಲ್ಲಿ ಒಂದು, ತಲೆಯಲ್ಲಿ ಒಂದು ನಂಬಿಕಸ್ಥ ಚಾರ್ಜರ್ ಇರುವುದು ಐಷಾರಾಮದ ಮಾತಲ್ಲ.

ಒಂದು ಘಟನೆ ಹೇಳುತ್ತೇನೆ. ಯಾವ ಕಂಪನಿ ಅಂತ ಹೆಸರು ಹೇಳುವುದಿಲ್ಲ, ಯಾಕೆಂದರೆ ಒಂದೇ ಕಂಪನಿಯ ಕಥೆ ಅಲ್ಲ ಇದು. ಮಳೆಗಾಲದ ಒಂದು ರಾತ್ರಿ ಅಮ್ಮನನ್ನು ಕರೆದುಕೊಂಡು ಪುತ್ತೂರಿನಿಂದ ಬೆಂಗಳೂರಿಗೆ ಬರುತ್ತಿದ್ದೆ. ಘಾಟಿ ಹತ್ತಿದ ಮೇಲೆ ಹೆದ್ದಾರಿ ಬದಿಯ ಹೋಟೆಲೊಂದರ ಅಂಗಳದಲ್ಲಿ ಫಾಸ್ಟ್ ಚಾರ್ಜರ್ ಇತ್ತು. ಆ್ಯಪ್‌ನಲ್ಲಿ ಹಸಿರು ಬಣ್ಣ, ಖಾಲಿ ಇದೆ ಅಂತ. ಹೋಗಿ ನೋಡಿದರೆ ಚಾರ್ಜರ್ ಮುಂದಿನ ಜಾಗದಲ್ಲಿ ಒಂದು ಡೀಸೆಲ್ ಗಾಡಿ ನಿಂತಿತ್ತು. ಅದರ ಡ್ರೈವರನ್ನು ಹುಡುಕಿ, ಊಟ ಮುಗಿಯುವವರೆಗೆ ಕಾದು, ಜಾಗ ಬಿಡಿಸಿಕೊಂಡೆ. ಗನ್, ಅಂದರೆ ಚಾರ್ಜರ್ ಕೇಬಲ್ಲಿನ ತುದಿಯ ಪ್ಲಗ್, ಎತ್ತಿ ಕಾರಿಗೆ ಸಿಕ್ಕಿಸಿದೆ. ಕಾರಿನೊಳಗಿಂದ ಟಕ್ ಅಂತ ಸದ್ದು ಬಂತು. ಸ್ಕ್ರೀನ್ ಮೇಲೆ ಒಂದು ಚಕ್ರ ತಿರುಗಿತು. ಆಮೇಲೆ ಕೆಂಪು ದೀಪ. ಮತ್ತೆ ಸಿಕ್ಕಿಸಿದೆ, ಮತ್ತೆ ಕೆಂಪು.

ಸಹಾಯವಾಣಿಗೆ ಫೋನ್ ಮಾಡಿದೆ. ಇಂಗ್ಲಿಷಿಗೆ ಒಂದು ಒತ್ತಿ, ಹಿಂದಿಗೆ ಎರಡು ಒತ್ತಿ. ಕನ್ನಡ ಇಲ್ಲ. ಮಾತಿಗೆ ಸಿಕ್ಕವರು ಎಲ್ಲೋ ದೂರದ ಊರಿನವರು, ಪಾಪ, ಚಾರ್ಜರ್ ನಂಬರ್ ಕೇಳಿ ಅಲ್ಲಿಂದಲೇ ಎರಡು ಸಲ ರೀಸ್ಟಾರ್ಟ್ ಮಾಡಿ ನೋಡಿದರು. ಆಗಲಿಲ್ಲ. ದೂರು ದಾಖಲಾಗಿದೆ, ಎರಡು ದಿನದಲ್ಲಿ ನೋಡುತ್ತೇವೆ ಅಂದರು. ಎರಡು ದಿನ! ಅಷ್ಟರಲ್ಲಿ ಹೋಟೆಲಿನ ಹುಡುಗ ಛತ್ರಿ ಹಿಡಿದು ಬಂದ. "ಅದು ಸರಿ ಇಲ್ಲ ಸಾರ್. ಎಲ್ಲರೂ ಬರ್ತಾರೆ, ನೋಡ್ತಾರೆ, ವಾಪಸ್ ಹೋಗ್ತಾರೆ. ನಾವೂ ಅವರಿಗೆ ಹೇಳಿ ಹೇಳಿ ಸಾಕಾಯ್ತು" ಅಂದ. ಅಂದರೆ ಕೆಟ್ಟಿರುವುದು ಹೋಟೆಲಿನವರಿಗೆ ಗೊತ್ತು, ದೂರು ತೆಗೆದುಕೊಂಡ ಕಂಪನಿಗೂ ಗೊತ್ತು. ದಾರಿ ಮೇಲೆ ಅದನ್ನೇ ನಂಬಿಕೊಂಡು ಬರುವವನಿಗೆ ಮಾತ್ರ ಗೊತ್ತಿಲ್ಲ.

ಆ ಹೋಟೆಲಿನವರಿಗೆ ಇಲ್ಲಿ ಕೈ ಮುಗಿಯುತ್ತೇನೆ. ಅಡುಗೆಮನೆ ಹಿಂದೆ ದೋಸೆ ಹಿಟ್ಟು ರುಬ್ಬುವ ಗ್ರೈಂಡರಿನ ಪ್ಲಗ್ ತೆಗೆದು, ಅದೇ ಸಾಕೆಟ್ಟಿಗೆ ನನ್ನ ಕೇಬಲ್ ಹಾಕಿಕೊಳ್ಳಲು ಹೇಳಿದರು. ಆ ಸಾಕೆಟ್ಟಿನಿಂದ ಗಂಟೆಗೆ ಮೂರು ಯೂನಿಟ್ ಬಂದರೆ ಹೆಚ್ಚು. ಮುಂದಿನ ಚಾರ್ಜರ್ ಮುಟ್ಟುವಷ್ಟು ತುಂಬುವ ಹೊತ್ತಿಗೆ ಮಧ್ಯರಾತ್ರಿ ದಾಟಿತ್ತು. ಎಪ್ಪತ್ತು ದಾಟಿದ ಅಮ್ಮ ಅಷ್ಟು ಹೊತ್ತೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಒಬ್ಬಳೇ ಹೆಣ್ಣುಮಗಳು ಕಾರು ಓಡಿಸಿಕೊಂಡು ಬಂದಿದ್ದರೆ? ಎಷ್ಟೋ ಚಾರ್ಜರ್‌ಗಳು ಮುಚ್ಚಿದ ಶೋರೂಮಿನ ಹಿಂದೆ, ದೀಪ ಇಲ್ಲದ ಮೂಲೆಯಲ್ಲಿ, ಶೌಚಾಲಯ ಇಲ್ಲದ ಕಡೆ ಇವೆ. ಇದನ್ನು ಯಾರೂ ಯೋಚಿಸಿದ ಹಾಗೆ ಕಾಣುವುದಿಲ್ಲ.

ಪೆಟ್ರೋಲ್ ಬಂಕಿನಲ್ಲಿ ಪೆಟ್ರೋಲ್ ಖಾಲಿ ಆದರೆ ರಸ್ತೆಗೆ ಕಾಣುವ ಹಾಗೆ ಬೋರ್ಡ್ ಇಡುತ್ತಾರೆ. ಕೇಳಲು ಒಬ್ಬ ಮನುಷ್ಯ ಇರುತ್ತಾನೆ. ದಾರಿಯಲ್ಲೇ ನಿಂತರೂ ಯಾರಾದರೂ ಕ್ಯಾನಿನಲ್ಲಿ ತಂದು ಕೊಡುತ್ತಾರೆ. ನಮಗೆ ಈ ಮೂರೂ ಇಲ್ಲ. ಬ್ಯಾಟರಿ ಪೂರ್ತಿ ಇಳಿದರೆ ಕಾರನ್ನು ಲಾರಿ ಮೇಲೆ ಏರಿಸಿಕೊಂಡೇ ಹೋಗಬೇಕು. ಹೀಗಿರುವಾಗ ಚಾರ್ಜರ್ ನಡೆಯುತ್ತಿದೆಯೋ ಇಲ್ಲವೋ ಅನ್ನುವ ಸುದ್ದಿ ಚಾರ್ಜರಿನಷ್ಟೇ ಮುಖ್ಯ, ಅಲ್ವಾ?

ಇನ್ನು ದುಡ್ಡು ಕೊಡುವ ವಿಷಯ. ಎಳನೀರು ಮಾರುವವರ ಗಾಡಿಯಲ್ಲೂ ಕ್ಯೂಆರ್ ಕೋಡ್ ಇರುವ ಕಾಲ ಇದು. ಚಾರ್ಜರ್ ಮುಂದೆ ನಿಂತರೆ ಮಾತ್ರ ಒಂದೊಂದು ಕಂಪನಿಗೂ ಒಂದೊಂದು ಆ್ಯಪ್. ಇಳಿಸಿಕೊಳ್ಳಬೇಕು, ಓಟಿಪಿ ಬರಬೇಕು, ಅದರ ವ್ಯಾಲೆಟ್‌ಗೆ ಮೊದಲೇ ದುಡ್ಡು ತುಂಬಬೇಕು, ಉಳಿದದ್ದು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಘಾಟಿಯ ಬುಡದ ಗುಂಡ್ಯದ ಸುತ್ತ ಕಾಡಿನ ನಡುವೆ ನೆಟ್‌ವರ್ಕ್ ಬರುವುದೇ ಅಪರೂಪ. ಕಾರು ಇದೆ, ಚಾರ್ಜರ್ ಇದೆ, ಕರೆಂಟೂ ಇದೆ, ಓಟಿಪಿ ಬಾರದೆ ಸುಮ್ನೆ ನಿಂತಿರಬೇಕು. ಎಲ್ಲಕ್ಕೂ ಸೇರಿ ಒಂದೇ ಆ್ಯಪ್ ಮಾಡುವ ಕೆಲಸವನ್ನು ಸರ್ಕಾರಿ ಕಂಪನಿ ಬಿಎಚ್‌ಇಎಲ್‌ಗೆ ಕೊಡುವುದಾಗಿ ಕೇಂದ್ರ ಸರ್ಕಾರ 2025ರಲ್ಲಿ ಹೇಳಿದೆ. ಸಂತೋಷ. ಆದರೆ ಆ್ಯಪ್ ಒಂದೇ ಆದರೂ ಅದರಲ್ಲಿ ತೋರಿಸುವ ಹಸಿರು ಬಣ್ಣ ಸುಳ್ಳಾದರೆ ಏನು ಉಪಯೋಗ?

ಇಲ್ಲಿ ನಿಮ್ಮ ಇಲಾಖೆಯ ಕೈಯಲ್ಲೇ ಇರುವ ಒಂದು ವಿಷಯ ಇದೆ. ಚಾರ್ಜರ್ ಕೆಟ್ಟಿದೆ ಅಂದಾಗಲೆಲ್ಲ ಯಂತ್ರದ ತಪ್ಪೇ ಆಗಿರುವುದಿಲ್ಲ. ಫಾಸ್ಟ್ ಚಾರ್ಜರ್‌ಗೆ ತ್ರೀ ಫೇಸ್ ಕರೆಂಟ್ ಬೇಕು. ಒಂದು ಫೇಸ್ ಹೋದರೆ, ವೋಲ್ಟೇಜ್ ಬಿದ್ದರೆ, ಅರ್ಥಿಂಗ್ ಸರಿ ಇಲ್ಲದಿದ್ದರೆ ಅದು ತನ್ನಷ್ಟಕ್ಕೆ ನಿಂತುಬಿಡುತ್ತದೆ. ಮಳೆಗಾಲದಲ್ಲಿ ಮಲೆನಾಡಿನ ಲೈನ್‌ಗಳ ಮೇಲೆ ಮರ ಬೀಳುವುದು ದಿನದ ಮಾತು. ಹಳ್ಳಿ ಫೀಡರಿನಲ್ಲಿ (ಸಬ್ ಸ್ಟೇಷನ್ನಿನಿಂದ ಹಳ್ಳಿಗೆ ಬರುವ ಲೈನಿನಲ್ಲಿ) ತ್ರೀ ಫೇಸ್ ಇಡೀ ದಿನ ಇರುವುದೂ ಇಲ್ಲ. ಮಳೆಗೆ, ಗಾಳಿಗೆ ಕಂಬ ಹತ್ತಿ ದುಡಿಯುವ ಲೈನ್‌ಮನ್‌ಗಳನ್ನು ನಾನು ದೂರುತ್ತಿಲ್ಲ. ಹೆದ್ದಾರಿಯ ಫಾಸ್ಟ್ ಚಾರ್ಜರ್ ಯಾವ ಫೀಡರಿನಿಂದ ಕರೆಂಟ್ ತೆಗೆದುಕೊಳ್ಳಬೇಕು ಅನ್ನುವುದನ್ನು ಸಂಪರ್ಕ ಕೊಡುವಾಗಲೇ ನಿರ್ಧರಿಸಬಹುದಲ್ಲ ಅಂತ ಕೇಳುತ್ತಿದ್ದೇನೆ. ಪೇಟೆಯ ಫೀಡರ್ ಹತ್ತಿರ ಇದ್ದರೆ ಅದರಿಂದ ಕೊಡಿ. ಆ ಫೀಡರ್‌ಗೆ ಕರೆಂಟ್ ತೆಗೆಯುವ ಕೆಲಸ ಇದ್ದರೆ ಹಿಂದಿನ ದಿನವೇ ಆ್ಯಪಿನ ಚಾರ್ಜರ್ ಪಟ್ಟಿಯಲ್ಲಿ ಅದು ಕಾಣಲಿ. ಪತ್ರಿಕೆಯಲ್ಲಿ "ನಾಳೆ ವಿದ್ಯುತ್ ವ್ಯತ್ಯಯ" ಅಂತ ನೀವು ಪ್ರಕಟಣೆ ಕೊಡುತ್ತೀರಿ. ಸುದ್ದಿ ನಿಮ್ಮ ಹತ್ತಿರ ಇದೆ. ಅದು ದಾರಿ ಮೇಲಿರುವವನಿಗೆ ಮುಟ್ಟಬೇಕು, ಅಷ್ಟೇ.

ಕೇಂದ್ರದ ವಿದ್ಯುತ್ ಸಚಿವಾಲಯ 2022ರ ಮಾರ್ಗಸೂಚಿಯಲ್ಲಿ ಹೆದ್ದಾರಿಯ ಎರಡೂ ಬದಿ 25 ಕಿ.ಮೀ.ಗೆ ಒಂದು ಸ್ಟೇಷನ್ ಇರಬೇಕು ಅಂತ ಹೇಳಿತ್ತು. 2024ರಲ್ಲಿ ಅದನ್ನು 20 ಕಿ.ಮೀ.ಗೆ ಇಳಿಸಿತು. ಇವಿಗೆ ಬೆಂಬಲ ಕೊಡುವ ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಸಾರ್ವಜನಿಕ ಚಾರ್ಜಿಂಗ್‌ಗೆ ಅಂತಲೇ 2,000 ಕೋಟಿ ರೂಪಾಯಿ ಇಟ್ಟಿದ್ದಾರೆ. ಹಾಗಾಗಿ ದುಡ್ಡಿಲ್ಲ, ನಿಯಮ ಇಲ್ಲ ಅನ್ನುವ ಹಾಗಿಲ್ಲ. ಆದರೆ ದೂರದ ಲೆಕ್ಕ ಒಂದೇ ಸಾಲದು. 20 ಕಿ.ಮೀ.ಗೆ ಒಂದರಂತೆ ಸಾಲಾಗಿ ನಾಲ್ಕು ಕೆಟ್ಟ ಚಾರ್ಜರ್ ಇಟ್ಟರೂ ಕಾಗದದಲ್ಲಿ ನಿಯಮ ಪಾಲಿಸಿದ ಹಾಗೇ. ಬ್ರಿಟನ್ನಿನವರು 2023ರಲ್ಲಿ ಒಂದು ನಿಯಮಾವಳಿ ತಂದರು. ಫಾಸ್ಟ್ ಚಾರ್ಜರ್ ನಡೆಸುವ ಕಂಪನಿಯ ಚಾರ್ಜರ್‌ಗಳು ವರ್ಷದಲ್ಲಿ ಸರಾಸರಿ 99 ಪರ್ಸೆಂಟ್ ಹೊತ್ತು ಕೆಲಸ ಮಾಡಲೇಬೇಕು. 24 ಗಂಟೆಯ ಉಚಿತ ಸಹಾಯವಾಣಿ ಇರಬೇಕು. ಯಾವ ಆ್ಯಪೂ ಇಲ್ಲದೆ ಕಾರ್ಡ್ ತೋರಿಸಿ ದುಡ್ಡು ಕೊಡುವಂತಿರಬೇಕು. ಚಾರ್ಜರ್ ಸ್ಥಿತಿಯ ಮಾಹಿತಿ ಎಲ್ಲರಿಗೂ ತೆರೆದಿರಬೇಕು. ಇವಿ ನೀತಿಯಲ್ಲಿ ದೇಶಕ್ಕೇ ಮೊದಲಾದ ನಾವು ಇದರಲ್ಲೂ ಮೊದಲಾಗಬಾರದೇ?

ಮಾನ್ಯರೇ, ನಾನು ಕೇಳುವುದು ಇಷ್ಟು. ಸಬ್ಸಿಡಿಯಾಗಲಿ, ಸರ್ಕಾರಿ ಜಾಗವಾಗಲಿ ಪಡೆದ ಪ್ರತಿಯೊಂದು ಸ್ಟೇಷನ್ ಕಳೆದ ತಿಂಗಳಲ್ಲಿ ಎಷ್ಟು ಹೊತ್ತು ನಡೆಯಿತು, ಎಷ್ಟು ಹೊತ್ತು ನಿಂತಿತ್ತು ಅನ್ನುವುದನ್ನು ಪ್ರತಿ ತಿಂಗಳು ಕನ್ನಡದಲ್ಲಿ ಪ್ರಕಟಿಸಿ. ಚಾರ್ಜರ್‌ಗಳು ಹೇಗೂ ತಮ್ಮ ಸರ್ವರ್ ಜೊತೆ ಮಾತಾಡುತ್ತಲೇ ಇರುತ್ತವೆ, ಹೊಸದಾಗಿ ಯಾರೂ ಹೋಗಿ ಎಣಿಸಬೇಕಾಗಿಲ್ಲ. ಸಹಾಯಧನದ ಒಂದು ಭಾಗ ಹಿಡಿದಿಟ್ಟು, ನಡೆದ ದಿನಗಳನ್ನು ನೋಡಿ ಕೊಡಿ. ಪೂರ್ತಿ ದುಡ್ಡು ಉದ್ಘಾಟನೆಯ ದಿನವೇ ಕೊಟ್ಟುಬಿಟ್ಟರೆ ಆಮೇಲೆ ರಿಪೇರಿಗೆ ಯಾರು ಬರುತ್ತಾರೆ?

ಹೆದ್ದಾರಿಯಲ್ಲಿ ಒಂದೇ ಗನ್ ಇರುವ ಸ್ಟೇಷನ್‌ಗೆ ಅನುಮತಿ ಕೊಡಬೇಡಿ. ಕಡಿಮೆ ಅಂದರೆ ಬೇರೆ ಬೇರೆ ಎರಡು ಯಂತ್ರ ಇರಲಿ, ಒಂದು ಹೋದರೆ ಇನ್ನೊಂದು. ಜೊತೆಗೆ ಮೀಟರ್ ಇರುವ ಒಂದು ಹದಿನೈದು ಆ್ಯಂಪ್ ಸಾಕೆಟ್ ಕಡ್ಡಾಯ ಮಾಡಿ. ಅದಕ್ಕೆ ತಗಲುವ ಖರ್ಚು ಏನೂ ಅಲ್ಲ, ಕಷ್ಟದ ಹೊತ್ತಿಗೆ ಆಗುವ ಉಪಕಾರ ದೊಡ್ಡದು. ನಾಲ್ಕು ಪಥದ ರಸ್ತೆಯಲ್ಲಿ ಎರಡೂ ಬದಿ ಸ್ಟೇಷನ್ ಬೇಕು. ಎದುರು ಬದಿಯ ಚಾರ್ಜರ್ ಕಣ್ಣಿಗೆ ಕಾಣುತ್ತಿರುತ್ತದೆ, ಅಲ್ಲಿಗೆ ಹೋಗಲು ಕಿಲೋಮೀಟರ್‌ಗಟ್ಟಲೆ ಮುಂದೆ ಹೋಗಿ ತಿರುಗಿ ಬರಬೇಕು.

ಪ್ರತಿ ಚಾರ್ಜರ್ ಮೇಲೆ ಕ್ಯೂಆರ್ ಕೋಡ್ ಇರಲಿ, ಯಾವ ಆ್ಯಪೂ ಇಲ್ಲದೆ ಯುಪಿಐಯಲ್ಲಿ ದುಡ್ಡು ಕೊಡುವಂತಾಗಲಿ. ಕನ್ನಡದಲ್ಲಿ ಮಾತಾಡುವ ಸಹಾಯವಾಣಿ ಇರಲಿ. ಅದರ ಜೊತೆ ಆ ಜಾಗದಲ್ಲೇ ಇರುವ ಒಬ್ಬರ ಫೋನ್ ನಂಬರ್ ಚಾರ್ಜರ್ ಮೇಲೂ ಪಟ್ಟಿಯಲ್ಲೂ ಇರಲಿ. ಚನ್ನರಾಯಪಟ್ಟಣದ ಕಡೆ ಒಂದು ಸ್ಟೇಷನ್‌ನ ಕಾವಲುಗಾರರೊಬ್ಬರು ರಟ್ಟಿನ ಮೇಲೆ ತಮ್ಮ ನಂಬರ್ ಬರೆದು ಚಾರ್ಜರ್‌ಗೆ ಕಟ್ಟಿದ್ದಾರೆ. ಹೊರಡುವ ಮೊದಲು ಫೋನ್ ಮಾಡಿದರೆ "ಬನ್ನಿ ಸಾರ್, ನಡೀತಿದೆ, ಒಂದು ಗಾಡಿ ನಿಂತಿದೆ ಅಷ್ಟೇ" ಅಂತಾರೆ. ಆ ಒಂದು ಮಾತಿನ ಮೇಲೆ ನಾನು ಧೈರ್ಯವಾಗಿ ಇಡೀ ಪ್ರಯಾಣ ಲೆಕ್ಕ ಹಾಕುತ್ತೇನೆ. ಯಾವ ಆ್ಯಪ್ ಕೂಡ ಇಷ್ಟು ಭರವಸೆ ಕೊಟ್ಟಿಲ್ಲ.

ಮಳೆಗಾಲದ ಬಗ್ಗೆ ಬೇರೆಯೇ ಯೋಜನೆ ಬೇಕು. 2024ರ ಜುಲೈನಲ್ಲಿ ಸಕಲೇಶಪುರದ ಹತ್ತಿರ ಗುಡ್ಡ ಕುಸಿದು ಶಿರಾಡಿ ದಾರಿ ಬಂದ್ ಆಗಿತ್ತು. ಇಂಥ ಹೊತ್ತಿನಲ್ಲಿ ಎಲ್ಲರೂ ಚಾರ್ಮಾಡಿ ಘಾಟಿಗೋ ಸಂಪಾಜೆ ಘಾಟಿಗೋ ತಿರುಗಬೇಕು. ದಾರಿ ಉದ್ದ, ಏರು ಜಾಸ್ತಿ, ಲೆಕ್ಕ ಹಾಕಿಕೊಂಡು ಬಂದ ಚಾರ್ಜ್ ಎಲ್ಲ ತಲೆಕೆಳಗು. ಉಜಿರೆ, ಕೊಟ್ಟಿಗೆಹಾರ, ಸುಳ್ಯ, ಮಡಿಕೇರಿ ಈ ನಾಲ್ಕು ಕಡೆ ಖಚಿತವಾಗಿ ನಡೆಯುವ ಚಾರ್ಜರ್ ಇದ್ದರೆ ಕರಾವಳಿಯ ಅರ್ಧ ಆತಂಕ ಹೋಗುತ್ತದೆ. ರಸ್ತೆ ಬಂದ್ ಆದೇಶ ಹೊರಡಿಸುವ ಜಿಲ್ಲಾಡಳಿತದ ಪ್ರಕಟಣೆಯಲ್ಲೇ ಬದಲಿ ದಾರಿಯ ಚಾರ್ಜರ್‌ಗಳ ವಿವರ ಸೇರಿಸಲು ನೀವು ಹೇಳಬಹುದು.

ಮೊದಲು ಹೇಳಿದ ಹಂಚಿಕೆಯ ಮಾತು. ನನ್ನ ಕಷ್ಟ ಕರಾವಳಿಯದು, ಅದನ್ನೇ ಬರೆದೆ. ಆದರೆ ಲಿಂಗಸುಗೂರು, ಸುರಪುರ, ಜೇವರ್ಗಿ ದಾಟಿ ಕಲಬುರಗಿಗೆ ಹೋಗುವವರ ಕಷ್ಟ ನನ್ನದಕ್ಕಿಂತ ದೊಡ್ಡದು. ಬೇಸಿಗೆಯಲ್ಲಿ ಅಲ್ಲಿ 40 ಡಿಗ್ರಿ ದಾಟುತ್ತದೆ. ಎಸಿಯೂ ಬೇಕು, ಬ್ಯಾಟರಿಯನ್ನೂ ತಂಪಾಗಿಡಬೇಕು, ರೇಂಜ್ ಇನ್ನೂ ಇಳಿಯುತ್ತದೆ. ಕಾದ ಚಾರ್ಜರ್ ಕೂಡ ತನ್ನ ವೇಗ ತಾನೇ ತಗ್ಗಿಸಿಕೊಳ್ಳುತ್ತದೆ. ಮುಂದಿನ ಹಂತದ ಸ್ಟೇಷನ್‌ಗಳನ್ನು ಬೆಂಗಳೂರಿಗೆ ಇನ್ನಷ್ಟು ಸೇರಿಸುವ ಬದಲು ಅಲ್ಲಿಗೆ ಕೊಡಿ, ನೆರಳಿನ ಚಪ್ಪರದ ಜೊತೆ ಕೊಡಿ.

ಇದೆಲ್ಲ ಒಂದೇ ದಿನದಲ್ಲಿ ಆಗುವುದಿಲ್ಲ ಅಂತ ಗೊತ್ತು. ಮೊದಲ ಹೆಜ್ಜೆಯಾಗಿ ಒಂದೇ ಒಂದು ರಸ್ತೆ ತೆಗೆದುಕೊಳ್ಳಿ. ನೆಲಮಂಗಲದಿಂದ ಬಿ.ಸಿ.ರೋಡ್‌ವರೆಗೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಇರುವ ಎಲ್ಲ ಸಾರ್ವಜನಿಕ ಫಾಸ್ಟ್ ಚಾರ್ಜರ್‌ಗಳ ಪಟ್ಟಿ ಮಾಡಿಸಿ. ಯಾವುದು ನಡೆಯುತ್ತಿದೆ, ಯಾವುದು ನಿಂತಿದೆ, ಎಂದಿನಿಂದ ನಿಂತಿದೆ, ಯಾರು ಯಾವಾಗ ಸರಿ ಮಾಡುತ್ತಾರೆ ಅಂತ ಬರೆಸಿ, ಬರುವ ದಸರಾ ರಜೆಗೆ ಮೊದಲು ಎಲ್ಲರಿಗೂ ಕಾಣುವ ಹಾಗೆ ಪ್ರಕಟಿಸಿ. ಆ ಪಟ್ಟಿ ಸರಿ ಇದೆಯೇ ಅಂತ ದಾರಿಯುದ್ದಕ್ಕೂ ನಿಂತು ನೋಡಿ ನಿಮಗೆ ತಿಳಿಸಲು ನಾನೂ, ನನ್ನ ಹಾಗೆ ಈ ದಾರಿಯಲ್ಲಿ ಇವಿ ಓಡಿಸುವ ಗೆಳೆಯರೂ ತಯಾರಿದ್ದೇವೆ. ನಿಮ್ಮ ಉತ್ತರವೂ ಈ ಪತ್ರದಂತೆಯೇ ಬಹಿರಂಗವಾಗಿ ಬರಲಿ ಎಂದು ಕೋರುತ್ತೇನೆ.

ವಂದನೆಗಳೊಂದಿಗೆ,

ಬೆಂಗಳೂರು–ಪುತ್ತೂರು ದಾರಿಯ ಒಬ್ಬ ಇವಿ ಚಾಲಕ